ಎರೆ ಹೊಲದಲ್ಲಿ ಕಲ್ಲಿನ ಬರ

ಹಿಂಗಾರಿ ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಸಿಂಧನೂರು ಕಡೆಯ ಎರೆ ಹೊಲದ ರೈತ ಹುಡುಕಾಡುವ ವಸ್ತು ಕಲ್ಲು. ಮಂಚಿಗೆ ಕಟ್ಟಿದ್ದಾಗಿದೆ, ಕೈಯಲ್ಲಿ ಕವಣೆ ಇದೆ, ಎದುರಿಗೆ ಗಿಳಿಗಳ ಹಿಂಡು ತೆನೆಗಳ ಮೇಲೆ ಇಳಿಯುತ್ತಿದೆ. ಆದರೆ ಕವಣೆಗೆ ಇಡಲು ಕಲ್ಲಿಲ್ಲ. ಹೊಲದ ನಾಲ್ಕೂ ಬದುವು ಸುತ್ತಿ ಬಂದರೂ ಉಡಿ ತುಂಬುವುದಿಲ್ಲ. ಅಲ್ಲಿರುವುದೆಲ್ಲ ನುಣ್ಣನೆಯ ಕರಿ ಜೇಡಿ. ಮಳೆ ಬಂದರೆ ಕಾಲು ಬಿಡದು, ಬಿಸಿಲು ಬಂದರೆ ಮೊಣಕೈ ತೂರುವಷ್ಟು ಬಿರುಕು.

ಅಲ್ಲಿಂದ ಬಸ್ಸು ಹತ್ತಿ ಮಸ್ಕಿಯಲ್ಲಿ ಇಳಿದರೆ ಕಥೆಯೇ ಬೇರೆ. ಊರಿನ ಬೆನ್ನಿಗೇ ಬಂಡೆಯ ಗುಡ್ಡ. ಹಳ್ಳದಲ್ಲಿ ನೀರು ಉಜ್ಜಿ ಉಜ್ಜಿ ದುಂಡಗೆ ಮಾಡಿದ ಕಲ್ಲುಗಳು ಬೇಕಾದಷ್ಟು. ಮುಂದೆ ಲಿಂಗಸುಗೂರಿನ ಕಡೆ ಹೋದಂತೆ ಗರಸು ನೆಲ, ಮಸಾರಿ ನೆಲ, ಕಲ್ಲಿಗೆ ಕೊರತೆಯೆಂಬುದೇ ಇಲ್ಲ. ಭೂವಿಜ್ಞಾನಿಗಳು ಹಟ್ಟಿ–ಮಸ್ಕಿ ಪದರಶಿಲೆಯ ಪಟ್ಟಿ ಎಂದು ಕರೆಯುವ, ಹಟ್ಟಿಯ ಚಿನ್ನವನ್ನು ಹೊಟ್ಟೆಯಲ್ಲಿಟ್ಟುಕೊಂಡ ನೆಲ ಇದೇ. ಒಂದೇ ಜಿಲ್ಲೆಯಲ್ಲಿ ಒಬ್ಬ ರೈತ ಹೊಲದ ಕಲ್ಲು ಆರಿಸಿ ಬದುವಿಗೆ ಒಟ್ಟಿ ಸುಸ್ತಾಗುತ್ತಾನೆ. ಇನ್ನೊಬ್ಬ ಅದೇ ಕಲ್ಲಿಗಾಗಿ ಸಂತೆಗೆ ಹೋದಾಗ ಹಳ್ಳದಲ್ಲಿ ಇಳಿದು ಚೀಲ ತುಂಬಿಕೊಂಡು ಬರುತ್ತಾನೆ.

ಗುಂಡು ಎಂದರೆ ಈಗ ಬಂದೂಕು ನೆನಪಾಗುತ್ತದೆ. ಆದರೆ ಬಂದೂಕು ಬರುವುದಕ್ಕೆ ಮೊದಲೂ ಕನ್ನಡದಲ್ಲಿ ಗುಂಡು ಇತ್ತು. ದುಂಡಗಿದ್ದದ್ದೆಲ್ಲ ಗುಂಡು, ಗುಂಡುಕಲ್ಲು. ದಖ್ಖನ್ನಿನ ನವಶಿಲಾಯುಗದ ನೆಲೆಗಳನ್ನು ಅಗೆದವರಿಗೆ ಕಲ್ಲಿನ ಕೊಡಲಿಗಳ ಜೊತೆ ಕೈಯಲ್ಲಿ ಹಿಡಿಯುವಷ್ಟು ದುಂಡು ಕಲ್ಲುಗಳೂ ಸಿಕ್ಕಿವೆ. ಕೆಲವು ಕುಟ್ಟುವ ಕಲ್ಲು, ಕೆಲವು ಕವಣೆಗಲ್ಲು ಎಂದು ಪರಿಣಿತರು ಹೇಳುತ್ತಾರೆ. ಮುದಗಲ್ಲಿನ ಹತ್ತಿರದ ಪಿಕಳಿಹಾಳ ಮತ್ತು ಮಸ್ಕಿ ಇಂಥ ಹಳೆಯ ನೆಲೆಗಳೇ. ದನ ಕಾಯುತ್ತಿದ್ದ, ಕಾಳು ಬೆಳೆಯುತ್ತಿದ್ದ ಆ ಜನಕ್ಕೂ ಹಕ್ಕಿಯ ಕಾಟ ತಪ್ಪಿರಲಾರದು.

ಕಲ್ಲಿಗೆ ಬೆಲೆ ಬಂದ ಕಾಲವೂ ಈ ಸೀಮೆಯಲ್ಲಿ ಇತ್ತು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ. ಕೋಟೆಯೊಳಗೆ ಇನ್ನೂರು ದೊಡ್ಡ ಫಿರಂಗಿಗಳಿದ್ದವು. ಅವಲ್ಲದೆ ಭಾರಿ ಕಲ್ಲು ಎಸೆಯುವ ಮೂವತ್ತು ಯಂತ್ರಗಳಿದ್ದು, ಅವು ಬಹಳ ಹಾನಿ ಮಾಡುತ್ತಿದ್ದವು ಎಂದು ಪೋರ್ಚುಗೀಸಿನ ನೂನಿಜ್ ಬರೆದಿದ್ದಾನೆ. ಹೊರಗಿನ ಸೈನಿಕರು ಹಾರೆ ಗುದ್ದಲಿ ಹಿಡಿದು ಗೋಡೆ ಕೆಡವಲು ಹೋದರೆ ಮೇಲಿನಿಂದ ಕಲ್ಲಿನ ಮಳೆ. ಹಿಂಜರಿದವರನ್ನು ಹುರಿದುಂಬಿಸಲು ನಾಯಕರು ಕಿತ್ತು ತಂದ ಗೋಡೆಯ ಕಲ್ಲನ್ನೇ ಕೊಳ್ಳತೊಡಗಿದರಂತೆ: ಗಾತ್ರ ನೋಡಿ ಹತ್ತು ಹಣದಿಂದ ಐವತ್ತು ಹಣದವರೆಗೆ. ಬಾರೂದಿನ ಕಾಲ ಬಂದಿದ್ದರೂ ಕಲ್ಲು ಕೆಲಸ ಬಿಟ್ಟಿರಲಿಲ್ಲ.

ಇಷ್ಟಕ್ಕೂ ಒಂದು ಬಂದೂಕು ಇಟ್ಟುಕೊಂಡರಾಯಿತಲ್ಲ ಎನ್ನುವವರುಂಟು. ಬೆಳೆ ರಕ್ಷಣೆಗೆ ಪರವಾನಗಿ ಸಿಗುತ್ತದೆ, ನಿಜ. ಆದರೆ ವರ್ಷಕ್ಕೆ ಇಷ್ಟೇ ತೋಟಾ ಎಂಬ ಮಿತಿ ಆ ಪರವಾನಗಿಯಲ್ಲಿಯೇ ಇರುತ್ತದೆ. ಚುನಾವಣೆ ಘೋಷಣೆಯಾದರೆ ಬಂದೂಕನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವ ಸರದಿ. ಹಕ್ಕಿಗಳಿಗೆ ನೀತಿಸಂಹಿತೆ ಅನ್ವಯಿಸುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಗಿಳಿಯನ್ನು ಹೊಡೆದು ಕೆಡವುವುದು 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ. ಬೆಳಗಿನಿಂದ ಬೈಗಿನವರೆಗೆ ನೂರಾರು ಸಲ ಎಬ್ಬಿಸಬೇಕಾದ ಹಿಂಡಿಗೆ ದುಡ್ಡು ಕೊಟ್ಟು ತಂದ ತೋಟಾ ಸುಡುವುದು ಯಾವ ಲೆಕ್ಕಕ್ಕೂ ಕೂಡುವುದಿಲ್ಲ.

ಪಟಾಕಿ ಮತ್ತು ಕಾರ್ಬೈಡ್ ಕೊಳವೆಗಳದು ಇನ್ನೊಂದು ಕಥೆ. ಪ್ಲಾಸ್ಟಿಕ್ ಪೈಪಿನ ಈ ಕೊಳವೆ ಅಗ್ಗವಾಗಿ ಸಿಗುತ್ತದೆ, ಸದ್ದೂ ಜೋರು. 2025ರ ಅಕ್ಟೋಬರ್‌ನಲ್ಲಿ ದೀಪಾವಳಿಯ ಹೊತ್ತಿಗೆ ಮಧ್ಯಪ್ರದೇಶದಲ್ಲಿ ಇದೇ ಕೊಳವೆಯನ್ನು ಆಟಕ್ಕೆ ಹಿಡಿದು ನೂರಕ್ಕೂ ಹೆಚ್ಚು ಮಂದಿ ಕಣ್ಣಿಗೆ ಗಾಯ ಮಾಡಿಕೊಂಡರು. ಹೆಚ್ಚಿನವರು ಮಕ್ಕಳು. ಸದ್ದು ಬರಲಿಲ್ಲವೆಂದು ಕೊಳವೆಯೊಳಗೆ ಇಣುಕಿ ನೋಡುವುದು ಮಕ್ಕಳ ಸ್ವಭಾವ. ಆಗಲೇ ಅದು ಸಿಡಿಯುವುದು. ಹೊಲಕ್ಕೆಂದು ತಂದದ್ದು ಹೊಲದಲ್ಲೇ ಉಳಿಯುತ್ತದೆ ಎಂಬ ಭರವಸೆ ಯಾರಿಗಿದೆ?

ಹಾಗಾಗಿ ಕವಣೆಗೇ ಬರೋಣ. ಕವಣೆ ಎಂದರೆ ತೋಳನ್ನು ಉದ್ದ ಮಾಡಿಕೊಳ್ಳುವ ಉಪಾಯ. ಸುತ್ತುವ ವೇಗ ಅಷ್ಟೇ ಇದ್ದರೂ ತ್ರಿಜ್ಯ ಹೆಚ್ಚಾದಂತೆ ತುದಿಯ ವೇಗ ಹೆಚ್ಚುತ್ತದೆ. ಕೈ ಮತ್ತು ಹಗ್ಗ ಸೇರಿ 1.1 ಮೀಟರ್ ಇದ್ದು, ಸೆಕೆಂಡಿಗೆ ಮೂರೂವರೆ ಸುತ್ತು ತಿರುಗಿಸಿದರೆ ಕಲ್ಲಿನ ವೇಗ ಸೆಕೆಂಡಿಗೆ ಸುಮಾರು 24 ಮೀಟರ್ ಆಗುತ್ತದೆ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ ಅದು ಬೀಳುವುದು 190 ಅಡಿಯಾಚೆ. ಮಂಚಿಗೆಯ ಎತ್ತರ ಸೇರಿದರೆ ಇನ್ನಷ್ಟು ದೂರ. ಚೌಕವಾದ ನಾಲ್ಕೆಕರೆ ಹೊಲದ ನಡುವೆ ಮಂಚಿಗೆ ಹಾಕಿದರೆ ಪ್ರತಿ ಬದು ಸುಮಾರು 209 ಅಡಿ ದೂರ. ಒಬ್ಬ ಆಳು ನಾಲ್ಕೆಕರೆ ಕಾಯುತ್ತಾನೆ ಎಂಬ ಲೆಕ್ಕ ಹೆಚ್ಚು ಕಡಿಮೆ ಇಲ್ಲಿಗೇ ಬಂದು ನಿಲ್ಲುತ್ತದೆ. ಮೂಲೆಗಳಿಗೆ ಮಾತ್ರ ಕಲ್ಲು ಮುಟ್ಟುವುದಿಲ್ಲ. ಗಿಳಿಗಳಿಗೆ ತ್ರಿಕೋನಮಿತಿ ಬರುವುದೋ ಇಲ್ಲವೋ, ಮೊದಲು ಇಳಿಯುವುದು ಮೂಲೆಗೇ.

ಇಲ್ಲಿ ಕಲ್ಲಿನ ಗಟ್ಟಿತನಕ್ಕಿಂತ ಅದರ ಒಂದೇ ತೂಕ ಮುಖ್ಯ. ಹಗ್ಗದ ತುದಿಯನ್ನು ಯಾವ ಕ್ಷಣದಲ್ಲಿ ಬಿಡಬೇಕೆಂಬುದನ್ನು ಕೈ ರೂಢಿಯಿಂದ ಕಲಿಯುತ್ತದೆ. ಒಮ್ಮೆ ಲಿಂಬೆಹಣ್ಣಿನಷ್ಟು, ಮತ್ತೊಮ್ಮೆ ಬೆಲ್ಲದ ಹೆಂಟೆಯಷ್ಟು ಕಲ್ಲು ಇಟ್ಟರೆ ಆ ರೂಢಿ ಕೆಡುತ್ತದೆ. ಕಲ್ಲು ಪಕ್ಕದವರ ಹೊಲದಲ್ಲಿ ಬೀಳುತ್ತದೆ, ಇಲ್ಲವೇ ದಾರಿಯಲ್ಲಿ ಹೋಗುವವರ ತಲೆಯ ಮೇಲೆ. ಗ್ರೀಕರೂ ರೋಮನ್ನರೂ ಸೀಸ ಎರಕ ಹೊಯ್ದು ಕವಣೆಗುಂಡು ಮಾಡಿದ್ದಕ್ಕೆ ಇದೂ ಒಂದು ಕಾರಣ. ಅಂಥ ಕೆಲವು ಗುಂಡುಗಳ ಮೇಲೆ ‘ತಗೋ’ ಎಂಬ ಅರ್ಥದ ಮಾತೂ ಇದೆ. ಸೀಸ ದುಬಾರಿ, ಜೊತೆಗೆ ವಿಷ. ಅದಕ್ಕಿಂತ ಹಳೆಯ, ಅಗ್ಗದ ದಾರಿ ಸಿರಿಯಾದ ಹಮೂಕಾರ್‌ನಲ್ಲಿ ಕಂಡಿತು. 2005ರಲ್ಲಿ ಅಲ್ಲಿ ಅಗೆದವರಿಗೆ ಸುಮಾರು ಕ್ರಿ.ಪೂ. 3500ರ ಕಾಲದ ಸಾವಿರಕ್ಕೂ ಹೆಚ್ಚು ಕವಣೆಗುಂಡುಗಳು ಸಿಕ್ಕವು. ಎಲ್ಲವೂ ಮಣ್ಣಿನವು.

ಎರೆ ಹೊಲದ ಮಂಚಿಗೆಯ ಕೆಳಗೆ ನಡೆಯುವ ಮಾತೂ ಇದನ್ನೇ ಹೇಳುತ್ತದೆ.

‘ಯಜ್ಜಾ, ಕಲ್ಲು ತೀರ್ಯಾವು. ಹಳ್ಳಕ್ಕ ಹೋಗಿ ಬರ್ಲೇನು?’

‘ಯಾಕ ಹೋಗ್ತೀ ತಮ್ಮಾ, ಹೊಲದ ತುಂಬ ಹೆಂಟಿ ಬಿದ್ದಾವಲ್ಲ. ಉಂಡಿ ಕಟ್ಟಿ ಒಣಗಿಸು.’

ಅಜ್ಜ ಹೇಳಿದ್ದು ಸರಿ, ಆದರೆ ಬರೀ ಎರೆ ಮಣ್ಣಿನ ಉಂಡೆ ಒಣಗುವಾಗ ಸೀಳುತ್ತದೆ. ನೀರು ಕುಡಿದು ಉಬ್ಬುವ, ನೀರು ಬಿಟ್ಟು ಕುಗ್ಗುವ ಜೇಡಿಯ ಗುಣ ಅದು. ಹೊಲದಲ್ಲಿ ಬಿರುಕು ಬಿಡುವ ಮಣ್ಣು ಉಂಡೆಯಲ್ಲಿ ಸುಮ್ಮನಿದ್ದೀತೆ? ಕಾಲು ಭಾಗದಷ್ಟು ಮಸಾರಿ ಮಣ್ಣು ಅಥವಾ ಮರಳು, ಒಂದು ಹಿಡಿ ಜೋಳದ ಹೊಟ್ಟು ಸೇರಿಸಿ ಚೆನ್ನಾಗಿ ತುಳಿದು ನಾದಿದರೆ ಬಿರುಕು ತಗ್ಗುತ್ತದೆ. ಇಟ್ಟಿಗೆ ಮಾಡುವವರಿಗೂ ಕುಂಬಾರರಿಗೂ ಇದು ಗೊತ್ತಿದ್ದದ್ದೇ. ಎಲ್ಲ ಉಂಡೆಗೂ ಒಂದೇ ಅಳತೆ ಬರಬೇಕಾದರೆ ಚಹಾದ ಸಣ್ಣ ಲೋಟವೊಂದರಿಂದ ಮಣ್ಣು ಅಳೆದರೆ ಸಾಕು. ಮೊದಲ ಎರಡು ದಿನ ನೆರಳಿನಲ್ಲಿ ಒಣಗಬೇಕು, ಆಮೇಲೆ ಬಿಸಿಲು. ಅವಸರಕ್ಕೆ ಮೊದಲ ದಿನವೇ ಬಿಸಿಲಿಗಿಟ್ಟರೆ ಹೊರಮೈ ಕುಗ್ಗಿ, ಒಳಗೆ ಹಸಿ ಉಳಿದು ಉಂಡೆ ಒಡೆಯುತ್ತದೆ.

ಮಣ್ಣಿನ ಉಂಡೆಗೆ ಇನ್ನೊಂದು ಅನುಕೂಲ ಇದೆ. ಬಿದ್ದಲ್ಲಿ ಪುಡಿಯಾಗಿ ಹೊಲಕ್ಕೇ ಸೇರುತ್ತದೆ. ಕಲ್ಲು ಹಾಗಲ್ಲ; ಈ ವರ್ಷ ಹಕ್ಕಿಗೆ ಎಸೆದದ್ದು ಮುಂದಿನ ವರ್ಷ ಕುಂಟೆಗೆ ಸಿಗುತ್ತದೆ, ರೋಟವೇಟರ್ ಅಲಗನ್ನು ಮುರಿಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆದು ಯಂತ್ರದಿಂದ ಕೊಯ್ಯಿಸುವವರಿಗೆ ಹೊಲದಲ್ಲಿ ಕಲ್ಲು ಬಿದ್ದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಹಾಗೆಂದು ಒಣ ಉಂಡೆ ಹತ್ತಿಯ ಉಂಡೆಯಲ್ಲ. ಹತ್ತಿರದಿಂದ ತಗುಲಿದರೆ ಅದೂ ತಲೆ ಒಡೆಯುತ್ತದೆ. ರಸ್ತೆಯ ಕಡೆಗೂ ವಿದ್ಯುತ್ ಕಂಬದ ಕಡೆಗೂ ಬೀಸಬಾರದು.

ಗುಂಡೇ ಬೇಡದ ಕವಣೆಯೂ ಇದೆ. ಬಿಡುವ ಹಗ್ಗದ ತುದಿಗೆ ಪುಂಡಿ ನಾರಿನ ತೆಳ್ಳನೆಯ ಚಾಟಿ ಸೇರಿಸಿ ಜೋರಾಗಿ ಬೀಸಿ ಎಳೆದರೆ ‘ಛಟ್’ ಎಂದು ಸಿಡಿಯುತ್ತದೆ. ದಪ್ಪ ಹಗ್ಗದ ಚಲನೆ ತೆಳ್ಳನೆಯ ತುದಿಗೆ ಹರಿದು ಬರುವಾಗ ತುದಿಯ ವೇಗ ಏರುತ್ತ ಹೋಗಿ ಸೆಕೆಂಡಿಗೆ 340 ಮೀಟರ್, ಅಂದರೆ ಶಬ್ದದ ವೇಗ ದಾಟುತ್ತದೆ. ಆ ಛಟ್ ಎಂಬುದು ಸಣ್ಣ ಪ್ರಮಾಣದಲ್ಲಿ ಜೆಟ್ ವಿಮಾನದ ಗುಡುಗೇ. ಇದೊಂದನ್ನೇ ನಂಬಿದರೆ ಮಾತ್ರ ಕೆಲವೇ ದಿನಗಳಲ್ಲಿ ಹಕ್ಕಿಗಳು ಅದಕ್ಕೆ ಒಗ್ಗಿಹೋಗುತ್ತವೆ. ಬೆದರುಗೊಂಬೆಗೂ, ಹೊಳೆಯುವ ಟೇಪಿಗೂ ಆದದ್ದು ಅದೇ. ನಾಲ್ಕು ಸಲ ಸದ್ದು, ಐದನೆಯ ಸಲ ಉಂಡೆ ಎಂಬಂತೆ ನಡೆದರೆ ಭಯ ಉಳಿಯುತ್ತದೆ, ಉಂಡೆಯೂ ಉಳಿಯುತ್ತದೆ.

ಉಂಡೆಗಿಂತ ದೊಡ್ಡ ಬರ ಬೇರೆ ಇದೆ: ಮಂಚಿಗೆಯ ಮೇಲೆ ನಿಲ್ಲುವವರದು. ಮಕ್ಕಳು ಶಾಲೆಗೆ ಹೋಗಬೇಕು, ಹೋಗುತ್ತಿದ್ದಾರೆ; ಅದು ಒಳ್ಳೆಯದೇ. ಮುದುಕರ ತೋಳು ನಡೆಯುವುದಿಲ್ಲ. ನಸುಕಿನಲ್ಲಿ ಮತ್ತು ಇಳಿಹೊತ್ತಿನಲ್ಲಿ ಹೊಲದಲ್ಲಿರಲು ಕೂಲಿಯಾಳು ಒಪ್ಪುವುದಿಲ್ಲ. ಸುತ್ತ ಹತ್ತಿ, ಕಡಲೆ, ಭತ್ತ ಬೆಳೆದು ನಡುವೆ ಒಬ್ಬನೇ ಎರಡೆಕರೆ ಜೋಳ ಹಾಕಿದರೆ ಊರ ಹಕ್ಕಿಗಳೆಲ್ಲ ಅವನ ಪಾಲಿಗೆ. ಆತ ಮರುವರ್ಷ ಜೋಳ ಬಿಡುತ್ತಾನೆ, ಆಗ ಉಳಿದ ಇನ್ನೊಬ್ಬನ ಮೇಲೆ ಹಿಂಡು ದುಪ್ಪಟ್ಟು. ರೊಟ್ಟಿ ತಿಂದು ಬೆಳೆದ ಸೀಮೆಯ ರೈತ ಅಂಗಡಿಯಲ್ಲಿ ಜೋಳ ಕೊಳ್ಳುವುದು ಹೀಗೂ ಆಗುತ್ತದೆ. ಒಗರು ಹೆಚ್ಚಿರುವ ಕೆಂಪು ಜೋಳವನ್ನು ಹಕ್ಕಿ ಅಷ್ಟಾಗಿ ಮುಟ್ಟುವುದಿಲ್ಲ. ಆದರೆ ಮಾಲದಂಡಿಯ ಬಿಳಿ ರೊಟ್ಟಿಯ ರುಚಿ ಕಂಡವರು ಅದನ್ನು ಒಪ್ಪುವುದು ಕಷ್ಟ. ಹಕ್ಕಿಗೂ ಮನುಷ್ಯನಿಗೂ ರುಚಿಯಲ್ಲಿ ಭೇದವಿಲ್ಲ. ಒಂದು ಪಟ್ಟಿಯ ನಾಲ್ಕಾರು ರೈತರು ಕೂಡಿ ಅಕ್ಕಪಕ್ಕದಲ್ಲಿ ಒಂದೇ ವಾರದಲ್ಲಿ ಜೋಳ ಬಿತ್ತಿದರೆ ತಿನ್ನುವ ಹಿಂಡು ಹಂಚಿಹೋಗುತ್ತದೆ, ಕಾಯುವ ಸರದಿಯನ್ನೂ ಹಂಚಿಕೊಳ್ಳಬಹುದು.

ಚಳಿಗಾಲದಲ್ಲಿ ಮೋಡದಂತೆ ಬಂದಿಳಿಯುವ ಗುಲಾಬಿ ಮೈನಾಗಳದು ವಿಚಿತ್ರ ನ್ಯಾಯ. ಅವು ಮರಿ ಮಾಡುವುದು ಮಧ್ಯ ಏಷ್ಯಾದಲ್ಲಿ. ಅಲ್ಲಿ ಮಿಡತೆಗಳನ್ನು ತಿಂದು ಹುಲ್ಲುಗಾವಲು ಉಳಿಸುತ್ತವೆಂದು ಚೀನದ ಷಿನ್‌ಜಿಯಾಂಗ್‌ನಲ್ಲಿ ಅವು ಗೂಡು ಕಟ್ಟಲಿ ಎಂದೇ ಕಲ್ಲು ಒಟ್ಟಿ ಕೊಡುತ್ತಾರೆ. ಅಲ್ಲಿ ಮನೆ ಕಟ್ಟಲು ಕಲ್ಲು, ಇಲ್ಲಿ ಓಡಿಸಲು.

ಎಳ್ಳಮಾವಾಸ್ಯೆ ಬರುವುದೂ ಸರಿಯಾಗಿ ಇದೇ ದಿನಗಳಲ್ಲಿ. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಕಡುಬು ಕಟ್ಟಿಕೊಂಡು ಮನೆಮಂದಿಯೆಲ್ಲ ಬಂಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಚೆಲ್ಲಿದ್ದನ್ನು ಹೆಕ್ಕಲು ಬರುವ ಹಕ್ಕಿಗಳನ್ನು ಆ ಹೊತ್ತು ಯಾರೂ ಗದರಿಸುವುದಿಲ್ಲ. ಮರುದಿನ ನಸುಕಿನಲ್ಲಿ ಉಂಡೆಯ ಬುಟ್ಟಿ ಮತ್ತೆ ಮಂಚಿಗೆ ಏರುತ್ತದೆ.