ನ್ಯಾಯದ ಬೇಟೆಯಂತೆ!

'ಹಳೇ ಬಿಲ್ಲು ಹಿಡಿದು ಬೇಟೆಯಾಡೋದೇ ನ್ಯಾಯವಾದ ಬೇಟೆ' ಅಂತ ಇಲ್ಲಿ ಮಿಶಿಗನ್ನಿನಲ್ಲಿ ಹೇಳದವರಿಲ್ಲ. ಐದು ವರ್ಷ ನಾನೂ ಹೇಳಿಕೊಂಡು ತಿರುಗಿದೆ. ಈಗ ಆ ಮಾತು ಕಿವಿಗೆ ಬಿದ್ದರೆ ಮೈ ಉರಿಯುತ್ತೆ.

ಬೇಟೆ ಅಂದ ಕೂಡಲೇ ಮೂಗು ಮುರಿಯುವವರಿಗೆ ಮೊದಲೇ ಹೇಳಿಬಿಡ್ತೀನಿ. ನಮ್ಮ ದೇಶದಲ್ಲಿ 1972ರ ಕಾಯ್ದೆ ಬಂದ ಮೇಲೆ ಶಿಕಾರಿ ಅಪರಾಧ, ಅದು ಹಾಗೇ ಇರಲಿ. ಇಲ್ಲಿ ಲೈಸೆನ್ಸ್ ತಗೊಂಡು, ಅಕ್ಟೋಬರ್ 1ರಿಂದ ನವೆಂಬರ್ 14ರವರೆಗೆ ಬಿಲ್ಲು, 15ರಿಂದ ಕೋವಿ, ಹೀಗೆ ಲೆಕ್ಕಾಚಾರವಾಗಿ ಜಿಂಕೆ ಹೊಡೀತಾರೆ. ಮಾಂಸ ತಿಂತಾರೆ. ನಾನೂ ತಿಂತೀನಿ. ಸೂಪರ್ ಮಾರ್ಕೆಟ್ಟಿನ ಪ್ಲಾಸ್ಟಿಕ್ ಸುತ್ತಿದ ಕೋಳಿ ತಿನ್ನುವವರ ಜೊತೆ ಇದರ ಬಗ್ಗೆ ಜಗಳ ಆಡೋ ಪುರುಸೊತ್ತು ನನಗಿಲ್ಲ. ನನ್ನ ಜಗಳ ಇರೋದು ನನ್ನಂಥವರ ಜೊತೆಗೇ.

ನಾನು ಮಲೆನಾಡಿನ ಹಳ್ಳಿಯವನು. ಬಿದಿರಿನ ಸೀಳಿಗೆ ಗೊಬ್ಬರದ ಚೀಲದ ದಾರ ಕಟ್ಟಿ ಅಡಿಕೆ ಮರಕ್ಕೆ ಗುರಿ ಇಟ್ಟು ಬೆಳೆದವನು. ಬಿ.ಇ. ಮುಗಿಸಿ, ಬೆಂಗಳೂರಲ್ಲಿ ಕೋಡ್ ಬರೆದು, ಕಂಪನಿ ಕಳಿಸಿತು ಅಂತ ಇಲ್ಲಿಗೆ ಬಂದೆ. ಒಂದು ಭಾನುವಾರ ಯಾರದೋ ಮನೆ ಮುಂದಿನ ಗ್ಯಾರೇಜ್ ಸೇಲ್‌ನಲ್ಲಿ, ಹಳೇ ಮಿಕ್ಸಿ, ಮಕ್ಕಳ ಸೈಕಲ್ಲುಗಳ ನಡುವೆ, ಒಂದು ರಿಕರ್ವ್ ಬಿಲ್ಲು ಬಿದ್ದಿತ್ತು. ಬೇರ್ ಕಂಪನಿಯ ಗ್ರಿಜ್ಲಿ. ಎರಡೂ ತುದಿ ಹಿಂದಕ್ಕೆ ಬಾಗಿ, ಜೇನು ಬಣ್ಣದ ಮರ ಹೊಳೀತಾ ಇತ್ತು. ಮರದ ಪಟ್ಟಿಯ ಎರಡೂ ಕಡೆ ಫೈಬರ್‌ಗ್ಲಾಸ್ ಅಂಟಿಸಿ ಮಾಡಿದ್ದು. ಅವತ್ತು ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಈಗ ಮನೆಯಲ್ಲಿ ಹದಿಮೂರು ಬಿಲ್ಲುಗಳಿವೆ. ಹೆಂಡತಿ ಲೆಕ್ಕದಲ್ಲಿ ಒಂಬತ್ತು.

ಈ ಹುಚ್ಚಿಗೂ ಒಂದು ವಿದ್ಯೆ ಇದೆ ಸ್ವಾಮಿ. ಫ್ರೆಡ್ ಬೇರ್ ಅನ್ನುವಾತ 1933ರಲ್ಲಿ ಡೆಟ್ರಾಯಿಟ್‌ನಲ್ಲಿ ಶುರು ಮಾಡಿದ ಕಂಪನಿ, 1947ರಲ್ಲಿ ಗ್ರೇಲಿಂಗ್ ಅನ್ನೋ ಸಣ್ಣ ಊರಿಗೆ ಹೋಯಿತು, 1978ರಲ್ಲಿ ಫ್ಲಾರಿಡಾಗೆ ಎದ್ದು ಹೋಯಿತು. ಹಾಗಾಗಿ ಬಿಲ್ಲಿನ ಮೇಲೆ 'ಗ್ರೇಲಿಂಗ್, ಮಿಶಿಗನ್' ಅಂತಿದ್ದರೆ ಅದು ಹಳೇದು. ಹಿಡಿಕೆಯಲ್ಲಿ ಕೂರಿಸಿದ ನಾಣ್ಯದಂಥ ಬಿಲ್ಲೆ ಯಾವ ಲೋಹದ್ದು, ಮರಕ್ಕೆ ಸಮನಾಗಿದೆಯೋ ಉಬ್ಬಿದೆಯೋ ನೋಡಿ ಇಸವಿ ಅಂದಾಜು ಮಾಡ್ತಾರೆ. ಕೊಳ್ಳುವ ಮುಂಚೆ ತುದಿಯಿಂದ ಒಂದು ಕಣ್ಣು ಮುಚ್ಚಿ ನೋಡಬೇಕು, ಹೆದೆ ತೋಳಿನ ನಡುಮಧ್ಯ ಹಾದು ಹೋಗಬೇಕು. ಪಕ್ಕಕ್ಕೆ ವಾಲಿದ್ದರೆ ಯಾರೋ ಕಾಲಿಗೆ ಸಿಕ್ಕಿಸಿ ಅಡ್ಡಾದಿಡ್ಡಿ ಹೆದೆ ಏರಿಸಿ ತೋಳು ತಿರುಚಿದ್ದಾರೆ ಅಂತ ಅರ್ಥ. ಅಂಚಿಗೆ ಹತ್ತಿ ಸವರಿ, ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತೋ ಅಲ್ಲಿ ಸೀಳಿದೆ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಇಟ್ಟರೆ ಅಂಟು ಬಿಡಬಹುದು. ಈಗಿನ ಹಿಗ್ಗದ ದಾರದ ಹೆದೆ ಹಾಕಿದರೆ ಹಳೇ ತುದಿ ಕಿತ್ತು ಬರಬಹುದು, ಡಾಕ್ರಾನ್ ದಾರವೇ ಆಗಬೇಕು. ಇಷ್ಟೆಲ್ಲ ಬಿಲ್ಲಿನ ಬಗ್ಗೆ ಗಂಟೆಗಟ್ಟಲೆ ಮಾತಾಡ್ತೀವಿ. ಬಾಣ ತಗಲುವ ಜೀವದ ಬಗ್ಗೆ ಐದು ನಿಮಿಷ ಮಾತಾಡಲ್ಲ. ನನ್ನ ತಕರಾರು ಇದೇ.

ಕಾಂಪೌಂಡ್ ಬಿಲ್ಲಿಗೆ 1969ರಲ್ಲಿ ಪೇಟೆಂಟ್ ಸಿಕ್ಕಿತು. ತುದಿಗೆ ಗಾಲಿ, ಪೂರ್ತಿ ಎಳೆದ ಮೇಲೆ ಕೈಯಲ್ಲಿ ಉಳಿಯೋದು ಐದರಲ್ಲೊಂದು ಪಾಲು ಭಾರ. ನಿಧಾನಕ್ಕೆ ಗುರಿ ಇಡಬಹುದು. ನನ್ನ ಗ್ರಿಜ್ಲಿಯಲ್ಲಿ 45 ಪೌಂಡು ಎಳೆದರೆ 45 ಪೌಂಡನ್ನೂ ಬೆರಳೇ ಹೊರಬೇಕು, ಹತ್ತು ಎಣಿಸುವಷ್ಟರಲ್ಲಿ ಕೈ ನಡುಗುತ್ತೆ. 'ಯಂತ್ರದವರಿಗೆ ಸುಲಭ, ನಮಗೆ ಕಷ್ಟ, ಆದ್ದರಿಂದ ಜಿಂಕೆಗೂ ಒಂದು ಅವಕಾಶ' ಅನ್ನೋದು ನಮ್ಮವರ ವಾದ.

ಇಂಜಿನಿಯರ್ ತಾನೇ, ಲೆಕ್ಕ ಹಾಕೋಣ. ಹಳೇ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 170 ಅಡಿ ಹೋಗುತ್ತೆ, ಕಾಂಪೌಂಡಿನದು ಸುಮಾರು 300. ಶಬ್ದ ಸುಮಾರು 1,100. ಜಿಂಕೆ 25 ಗಜ ದೂರದಲ್ಲಿದೆ, ಅಂದರೆ 75 ಅಡಿ. ಹೆದೆಯ ಠೇಂಕಾರ ಅದರ ಕಿವಿ ಮುಟ್ಟಿದ ಮೇಲೂ ನನ್ನ ಬಾಣ ತಲುಪೋಕೆ ಹತ್ತಿರ ಹತ್ತಿರ 0.37 ಸೆಕೆಂಡ್ ಬೇಕು. ಬೆದರಿದ ಜಿಂಕೆ ನೆಗೆಯೋಕೆ ಮುಂಚೆ ಕಾಲು ಮಡಚಿ ಮೈ ತಗ್ಗಿಸುತ್ತೆ. ಆ ಹೊತ್ತಿಗೆ ಎದೆಗೆ ಇಟ್ಟ ಗುರಿ ಬೆನ್ನಿಗೆ ಬೀಳುತ್ತೆ. ಅದೇ 25 ಗಜದಲ್ಲಿ ಕಾಂಪೌಂಡಿನ ಬಾಣಕ್ಕೆ ಬೇಕಿರೋದು ಅದರ ಅರ್ಧ ಹೊತ್ತು. ನನ್ನ ಬಿಲ್ಲಲ್ಲಿ ಅಷ್ಟೇ ಹೊತ್ತು ಬರಬೇಕಾದರೆ ನಾನು 12 ಗಜಕ್ಕೆ ಹೋಗಬೇಕು. ಹೋಗ್ತೀವಾ? ಇಲ್ಲ. ಕಷ್ಟ ನಮಗೆ ಅಂತ ಬೋರ್ಡು ಹಾಕ್ಕೊಂಡು, ಬಿಲ್ಲು ಕೊಟ್ಟು ಜಿಂಕೆಗೆ ದಾಟಿಸ್ತೀವಿ.

ಈ ಲೆಕ್ಕ ನಾನು ಹಾಕಿದ್ದು ಆಮೇಲೆ. ಮೂರು ವರ್ಷದ ಹಿಂದೆ ಅಕ್ಟೋಬರ್ ಕೊನೆಯ ಸಂಜೆ, ಒಂದು ಹೆಣ್ಣು ಜಿಂಕೆ 27 ಗಜದಲ್ಲಿ ನಿಂತಿತ್ತು. ಆಮೇಲೆ ಹೆಜ್ಜೆ ಹಾಕಿ ಅಳೆದೆ, ಅದಕ್ಕೇ ಗೊತ್ತು. ಬಿಟ್ಟೆ. ಬಾಣ ಬೆನ್ನಿನ ಹತ್ತಿರ ಎಲ್ಲೋ ಕಚ್ಚಿಕೊಂಡಿತು. ಮೇಪಲ್ ಎಲೆ ಉದುರುವ ಕಾಲ, ನೆಲವೆಲ್ಲ ಕೆಂಪು, ರಕ್ತ ಯಾವುದು ಎಲೆ ಯಾವುದು ಗೊತ್ತಾಗಲ್ಲ. ತಲೆಗೆ ಟಾರ್ಚ್ ಕಟ್ಟಿಕೊಂಡು ರಾತ್ರಿ ಎರಡರವರೆಗೆ ಮೊಣಕಾಲೂರಿ ಹುಡುಕಿದೆ. ಒಂದು ತೊರೆಯ ದಂಡೆಯವರೆಗೆ ಹನಿ ಇತ್ತು, ಆಮೇಲೆ ಇಲ್ಲ. ಬೆಳಗ್ಗೆ ಮತ್ತೆ ಹೋದೆ. ಸಿಗಲಿಲ್ಲ.

ಆ ವಾರ ಊರಿಗೆ ಫೋನ್ ಮಾಡಿದಾಗ ಬಾಯಿ ತಪ್ಪಿ ಹೇಳಿಬಿಟ್ಟೆ. ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಏಟು ತಿಂದ ಪ್ರಾಣೀನ ಕಾಡಲ್ಲಿ ಬಿಟ್ಟು ಬಂದ್ಯನಾ?' ಅಂದರು. ಅಷ್ಟೇ. ಮುಂದೆ ಅಡಿಕೆ ರೇಟಿನ ವಿಷಯ ಮಾತಾಡಿದರು.

ಇಲ್ಲಿಯ ಗೆಳೆಯರು ಮಾತ್ರ ಬೆನ್ನು ತಟ್ಟಿದರು. 'ಎಲ್ಲರಿಗೂ ಆಗುತ್ತೆ ಬಿಡು, ಅದೇ ಆಟದ ನಿಯಮ.' ಯಾರ ನಿಯಮ ಸ್ವಾಮಿ? ಅದಕ್ಕೆ ಒಪ್ಪಿ ಜಿಂಕೆ ಎಲ್ಲಿ ಸಹಿ ಹಾಕಿದೆ?

ಮಾತೆತ್ತಿದರೆ ಇಶಿಯ ಹೆಸರು ಹೇಳ್ತಾರೆ ಇವರು. 1911ರಲ್ಲಿ ಕ್ಯಾಲಿಫೋರ್ನಿಯಾದ ಒರೊವಿಲ್‌ನಲ್ಲಿ, ತನ್ನವರೆಲ್ಲ ಸತ್ತು ಒಬ್ಬನೇ ಉಳಿದು, ಕಾಡಿನಿಂದ ಹೊರಬಂದ ಯಾಹಿ ಜನಾಂಗದವನು. ಇಶಿ ಅನ್ನೋದು ಅವನ ಹೆಸರೂ ಅಲ್ಲ, ಅವನ ಭಾಷೆಯಲ್ಲಿ ಮನುಷ್ಯ ಅಂತ. ಅವನಿಂದ ಬಿಲ್ಲುವಿದ್ಯೆ ಕಲಿತ ಡಾಕ್ಟರ್ ಸ್ಯಾಕ್ಸ್ಟನ್ ಪೋಪ್ ಬರೆದ ಪುಸ್ತಕ ಇಲ್ಲಿಯ ಬಿಲ್ಲುಗಾರರಿಗೆ ಭಗವದ್ಗೀತೆ ಇದ್ದಂತೆ. ಆದರೆ ಇಶಿ ಏನು ಮಾಡ್ತಿದ್ದ? ಬೆರಳು ತುಟಿಗಿಟ್ಟು ಮೊಲದ ಕೂಗು ಕೂಗಿ ಪ್ರಾಣಿಯನ್ನೇ ಹತ್ತಿರಕ್ಕೆ ಕರೆಸ್ತಿದ್ದ. ಅಡಗಿ, ಕಾದು, ತೀರಾ ಸಮೀಪದಿಂದ ಹೊಡೀತಿದ್ದ. ದೂರದ ಗುರಿಹಲಗೆಗೆ ಹೊಡೆಯೋದರಲ್ಲಿ ಅವನೇನೂ ಅಸಾಧ್ಯ ನಿಪುಣನಲ್ಲ. ಫೋಟೋ ಗೋಡೆಗೆ ಹಾಕಿಕೊಂಡೆವು, ಕಾಯೋದನ್ನು ಕಲಿಯಲಿಲ್ಲ.

ನಮ್ಮ ಪುರಾಣಗಳನ್ನೇ ನೋಡಿ. ಶಬ್ದಕ್ಕೆ ಗುರಿಯಿಟ್ಟು ಶ್ರವಣನನ್ನು ಕೊಂದ ದಶರಥ, ಜಿಂಕೆಯ ರೂಪದಲ್ಲಿದ್ದ ಋಷಿಗೆ ಹೊಡೆದ ಪಾಂಡು, ಕೃಷ್ಣನ ಪಾದವನ್ನು ಜಿಂಕೆ ಅಂದುಕೊಂಡ ಜರಾ. ರಾಮಾಯಣ, ಮಹಾಭಾರತ ಎರಡರಲ್ಲೂ ದೊಡ್ಡ ದೊಡ್ಡ ಅನಾಹುತಗಳಿಗೆ ಬೇಟೆಗಾರನ ಒಂದು ಅವಸರದ ಬಾಣ ಕಾರಣ. ನಾವು ಅರ್ಜುನನ ಕತೆ ಮಾತ್ರ ನೆನಪಿಟ್ಟುಕೊಂಡು ಬಿಲ್ಲು ಕೊಳ್ತೀವಿ.

ಬಿಲ್ಲುಗಳನ್ನೆಲ್ಲ ಗೋಡೆಗೆ ನೇತುಹಾಕಿಬಿಡಿ ಅಂತ ನಾನು ಹೇಳ್ತಿಲ್ಲ. ಹೆದೆ ಏರದ ಬಿಲ್ಲು ಹೂಜಿಗಿಂತ ಕಡೆ. ಹಳೇ ಬಿಲ್ಲು ಆರಿಸಿಕೊಂಡಿದ್ದು ನೀವು ತಾನೇ, ಅದರ ಬೆಲೆಯನ್ನೂ ನೀವೇ ಕೊಡಿ. ಹದಿನೈದು ಗಜ ದಾಟಿದರೆ ಕೈ ಎತ್ತಬೇಡಿ. ಚಳಿಯಲ್ಲಿ ಕೂತು, ಕಾಲು ಮರಗಟ್ಟಿ, ಬರಿಗೈಲಿ ಮನೆಗೆ ಬನ್ನಿ. ಬೇಟೆಯ ಮೊದಲು ಪರೀಕ್ಷೆ ಮಾಡಿಕೊಳ್ಳಿ. ಅದೂ ಮಧ್ಯಾಹ್ನ ಕೈ ಪಳಗಿದ ಮೇಲೆ ಬಿಟ್ಟ ನಲವತ್ತನೇ ಬಾಣದಿಂದ ಅಲ್ಲ. ಕಾಡಲ್ಲಿ ಸಿಗೋದು ಒಂದೇ ಬಾಣ, ಅದೂ ಮೊದಲನೇದು.

ಆ ಜಿಂಕೆಯ ನಂತರ ನಾನು ಇಟ್ಟುಕೊಂಡ ಲೆಕ್ಕ ಇದು. ಬೆಳಗ್ಗೆ ಎದ್ದು ಕಾಫಿಗೂ ಮುಂಚೆ ಹಿತ್ತಲಿಗೆ ಹೋಗೋದು, ಹದಿನೈದು ಗಜದಲ್ಲಿ ಪಾರ್ಟಿಗೆ ತರುವ ಕಾಗದದ ಊಟದ ತಟ್ಟೆ ಸಿಕ್ಕಿಸೋದು, ಒಂದೇ ಬಾಣ ಬಿಡೋದು. ಸತತ ಹತ್ತು ದಿನ ತಟ್ಟೆಗೆ ಬಿದ್ದರೆ ಆ ವರ್ಷ ಕಾಡಿಗೆ. ಹೋದ ವರ್ಷ ಹತ್ತು ಆಗಲೇ ಇಲ್ಲ, ಹೋಗಲಿಲ್ಲ. ಗೆಳೆಯರು ನಕ್ಕರು.

ಈ ವರ್ಷ ನಿನ್ನೆಗೆ ಏಳು ಆಗಿತ್ತು. ಇವತ್ತು ಬಾಣ ತಟ್ಟೆಯಿಂದ ಎರಡು ಇಂಚು ಹೊರಗೆ ಬಿತ್ತು. ನಾಳೆ ಮತ್ತೆ ಒಂದರಿಂದ.