ಕೆಲಸ ಸಿಗೋವರೆಗೆ ಹಾಡು ಕೇಳಬಾರದೇ?

ಎಂ.ಕಾಂ. ಮುಗಿಸಿ ಎರಡು ವರ್ಷ ಆಯಿತು. ಪಿಡಿಒ, ಎಫ್‌ಡಿಎ, ಬ್ಯಾಂಕು ಅಂತ ಪರೀಕ್ಷೆ ಬರೆಯುತ್ತಲೇ ಇದ್ದೇನೆ. ಸಂಜೆ ಹೊತ್ತು ಆಯನೂರಿನ ನಮ್ಮ ಮನೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳಿಕೊಡುತ್ತೇನೆ. ಅರ್ಜಿ ಶುಲ್ಕ, ಪುಸ್ತಕ, ಮೊಬೈಲ್ ರೀಚಾರ್ಜು, ಸರ್ಕಾರಿ ಬಸ್ ಸಿಗದೆ ಖಾಸಗಿ ಬಸ್ ಹತ್ತಿದ ದಿನದ ಚಾರ್ಜು, ಎಲ್ಲವೂ ಅದರಲ್ಲೇ ಆಗಬೇಕು. ಇಂಥವಳು ಹೋದ ವರ್ಷ 850 ರೂಪಾಯಿ ಕೊಟ್ಟು ಭದ್ರಾವತಿಯ ಗುಜರಿ ಅಂಗಡಿಯಿಂದ ಹಳೇ ರೆಕಾರ್ಡ್ ಪ್ಲೇಯರ್ ಹೊತ್ತು ತಂದರೆ ಮನೆಯಲ್ಲಿ ಏನು ನಡೆದೀತು ಎಂಬುದನ್ನು ಈ ಪುಟದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ‘ಮೊದಲು ಒಂದು ಕೆಲಸ ಅಂತ ಆಗಲಿ, ಆಮೇಲೆ ಇದೆಲ್ಲ ಮಾಡ್ಕೋ’ ಎಂದರು ಅಮ್ಮ. ಸಾಗರದಿಂದ ಬಂದಿದ್ದ ದೊಡ್ಡಮ್ಮ ಅದನ್ನೇ ಇನ್ನೂ ಸ್ವಲ್ಪ ಖಾರ ಸೇರಿಸಿ ಹೇಳಿದರು.

ಕೆಲಸ ಹುಡುಕುವವರು ಈ ಮಾತನ್ನು ಎಷ್ಟು ಸಲ ಕೇಳಿರುತ್ತೇವೋ ಲೆಕ್ಕವಿಲ್ಲ. ಸಿನಿಮಾಗೆ ಹೋದರೆ, ಗೆಳತಿಯ ಮದುವೆಗೆ ಒಂದು ಒಳ್ಳೆಯ ಸೀರೆ ಕೊಂಡರೆ, ಭಾನುವಾರ ಸುಮ್ಮನೆ ಮಲಗಿದರೂ ಇದೇ ಮಾತು. ಸಂತೋಷ ಅನ್ನುವುದು ಅಪಾಯಿಂಟ್‌ಮೆಂಟ್ ಆರ್ಡರಿನ ಜೊತೆ ಪಿನ್ ಹೊಡೆದು ಬರುವ ಕಾಗದ, ಅಲ್ಲಿಯವರೆಗೆ ಅದರ ಮೇಲೆ ನಮಗೆ ಹಕ್ಕಿಲ್ಲ ಎಂಬಂತೆ. ನಾನು ಇದನ್ನು ಒಪ್ಪುವುದಿಲ್ಲ. ನೇಮಕಾತಿಯ ಅಧಿಸೂಚನೆಯಿಂದ ಪರೀಕ್ಷೆಗೆ, ಪರೀಕ್ಷೆಯಿಂದ ಫಲಿತಾಂಶಕ್ಕೆ, ಅಲ್ಲಿಂದ ಕೋರ್ಟಿಗೆ ಹೋಗುವಷ್ಟರಲ್ಲಿ ಇಪ್ಪತ್ತಮೂರು ವರ್ಷದವರು ಇಪ್ಪತ್ತೆಂಟು ದಾಟಿರುತ್ತಾರೆ. ಅಷ್ಟೂ ವರ್ಷ ಕಿವಿ ಮುಚ್ಚಿಕೊಂಡು ಕೂರಬೇಕೇ?

ಇರಲಿ, ಪ್ಲೇಯರಿನ ವಿಷಯಕ್ಕೆ ಬರುತ್ತೇನೆ.

ಭದ್ರಾವತಿಯಲ್ಲಿ ಇಂಥವು ಸಿಗುವುದಕ್ಕೆ ಕಾರಣವಿದೆ. ಅದು ಕಾರ್ಖಾನೆಗಳ ಊರು. ಒಂದು ಕಡೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ, ಇನ್ನೊಂದು ಕಡೆ 1936ರಲ್ಲಿ ಶುರುವಾದ ಕಾಗದ ಕಾರ್ಖಾನೆ. ತಿಂಗಳು ತಿಂಗಳು ಸಂಬಳ ಎಣಿಸುವ ಸಾವಿರಾರು ಮನೆಗಳಿದ್ದ ಕಾಲದಲ್ಲಿ ರೇಡಿಯೊ ಆದ ಮೇಲೆ ಮನೆಗೆ ಬರುತ್ತಿದ್ದ ದೊಡ್ಡ ವಸ್ತು ರೆಕಾರ್ಡ್ ಪ್ಲೇಯರ್. ಹಾಡಿನ ರುಚಿ ಹತ್ತಿಸಲು ಊರಲ್ಲೇ 1965ರಿಂದ ಆಕಾಶವಾಣಿ ಕೇಂದ್ರವೂ ಇತ್ತು. ಕಾಗದ ಕಾರ್ಖಾನೆ 2015ರ ಹೊತ್ತಿಗೆ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಅದರ ಸುತ್ತಲಿನ ಹೋರಾಟ ಎಲ್ಲರಿಗೂ ಗೊತ್ತಿರುವುದೇ. ಕ್ವಾರ್ಟರ್ಸ್ ಖಾಲಿ ಮಾಡುವವರು ಮಂಚ, ಬೀರು ಒಯ್ಯುತ್ತಾರೆ. ಅಟ್ಟದ ಮೇಲಿನ ಪೆಟ್ಟಿಗೆ ಗುಜರಿಗೆ ಬೀಳುತ್ತದೆ.

ನನಗೆ ಸಿಕ್ಕಿದ್ದು ಸಣ್ಣ ಸೂಟ್‌ಕೇಸಿನ ಆಕಾರದ್ದು. ಮುಂದೆ ಕೊಳವೆಯ ಮುಂದೆ ಕೂತ ನಾಯಿಯ ಚಿತ್ರ, ಅಂದರೆ ಎಚ್‌ಎಂವಿ. ಮಾಡೆಲ್ ಹೆಸರಿದ್ದ ಪಟ್ಟಿ ಯಾವಾಗಲೋ ಕಿತ್ತುಹೋಗಿತ್ತು. ಅಂಗಡಿಯವರು ‘ನೋಡಮ್ಮಾ, ತಿರುಗೋದಿಲ್ಲ, ಶೋಕೇಸಿಗೆ ಇಟ್ಕೋಬಹುದು’ ಅಂತ ಮೊದಲೇ ಹೇಳಿದರು. 1,500ಕ್ಕೆ ಶುರುವಾದ ಚೌಕಾಸಿ 850ಕ್ಕೆ ಬಂದು ನಿಂತಿತು. ಜೊತೆಗೆ ಗೋಣಿಚೀಲದಲ್ಲಿದ್ದ ಹನ್ನೊಂದು ರೆಕಾರ್ಡುಗಳನ್ನು ಸುಮ್ಮನೆ ಕೊಟ್ಟರು. ಅವರ ದೃಷ್ಟಿಯಲ್ಲಿ ತೂಕಕ್ಕೆ ಹಾಕಿದರೂ ಏನೂ ಬಾರದ ವಸ್ತು ಅದು.

ಅದನ್ನು ತಿರುಗಿಸಿದವರು ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರದ ಸಂದಿಯೊಂದರಲ್ಲಿ ಈಗಲೂ ರೇಡಿಯೊ ರಿಪೇರಿ ಮಾಡುವ ಯಜಮಾನರು. ಎಪ್ಪತ್ತು ದಾಟಿದೆ. ‘ಬಿಟ್ಟು ಹೋಗಮ್ಮಾ, ವಾರ ಬಿಟ್ಟು ಬಾ’ ಎಂದರು. ‘ಇಲ್ಲ, ನೋಡ್ತಾ ಕೂತ್ಕೋತೀನಿ’ ಎಂದೆ. ಸ್ಟೂಲ್ ತೋರಿಸಿದರು. ನಾಲ್ಕು ತಿರುಪು ಬಿಚ್ಚಿದರೆ ಇಡೀ ಯಂತ್ರ ಕಣ್ಣ ಮುಂದೆ ಬಂತು, ನನಗೆ ಆಶ್ಚರ್ಯವಾಗಿದ್ದು ಅದೇ. ಮೋಟಾರಿನ ಕಡ್ಡಿ ಒಂದು ರಬ್ಬರ್ ಗಾಲಿಯನ್ನು ತಿರುಗಿಸುತ್ತದೆ, ಆ ಗಾಲಿ ಮೇಲಿನ ತಟ್ಟೆಯನ್ನು ತಿರುಗಿಸುತ್ತದೆ. ಕಡ್ಡಿಯ ದಪ್ಪ ಮೆಟ್ಟಿಲು ಮೆಟ್ಟಿಲಾಗಿದೆ. ಗಾಲಿ ಯಾವ ಮೆಟ್ಟಿಲಿಗೆ ತಾಗುತ್ತದೋ ಆ ವೇಗ. ಐವತ್ತು ವರ್ಷದ ಗ್ರೀಸ್ ಒಣಗಿ ಹಲಸಿನ ಮೇಣದಂತಾಗಿತ್ತು. ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಲಿಗೆ ಮೆಷಿನ್ ಎಣ್ಣೆ ಎರಡು ಹನಿ ಬಿಟ್ಟರು. ಗಟ್ಟಿಯಾಗಿದ್ದ ರಬ್ಬರಿನ ಅಂಚನ್ನು ಉಪ್ಪು ಕಾಗದದಿಂದ ಮೆಲ್ಲಗೆ ತಿಕ್ಕಿದರು. ಗುಂಯ್‌ಗುಡುತ್ತಿದ್ದ ಎರಡು ಕಂಡೆನ್ಸರ್ ಬದಲಾಯಿಸಿದರು. ಮುಳ್ಳು ಮಾತ್ರ ಹೊಸದು ಬೇಕಾಯಿತು; ಅದನ್ನು ಅವರೇ ಬೆಂಗಳೂರಿನಿಂದ ತರಿಸಿದರು. ಎಲ್ಲ ಸೇರಿ 600 ರೂಪಾಯಿ.

ವೇಗ ಸರಿ ಇದೆಯೇ ಎಂದು ನೋಡಲು ಅವರು ಹೇಳಿಕೊಟ್ಟ ಉಪಾಯ ಕೇಳಿ. ತಟ್ಟೆಯ ಅಂಚಿಗೆ ಒಂದು ಚೂರು ಕಾಗದ ಅಂಟಿಸಿ ಮೂರು ನಿಮಿಷ ಸುತ್ತು ಎಣಿಸಬೇಕು. ಎಲ್‌ಪಿ ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತು ತಿರುಗಬೇಕಾದ್ದರಿಂದ ಮೂರು ನಿಮಿಷಕ್ಕೆ ಸರಿಯಾಗಿ ನೂರು ಬರಬೇಕು. ನಮಗೆ ತೊಂಬತ್ತೆಂಟು ಬಂತು. ‘ನಡೆಯುತ್ತೆ ಬಿಡು, ನಿಂಗೂ ನಂಗೂ ಗೊತ್ತಾಗಲ್ಲ’ ಎಂದರು. ನನ್ನ ಮೊಬೈಲ್ ಕೆಟ್ಟಾಗ ಅಂಗಡಿಯವರು ಬಿಚ್ಚಿಯೂ ನೋಡದೆ ‘ಬೋರ್ಡ್ ಹೋಗಿದೆ, ಹೊಸದೇ ತಗೊಳ್ಳಿ’ ಅಂದದ್ದು ಆಗ ನೆನಪಾಯಿತು.

ಗೋಣಿಚೀಲದ ಹನ್ನೊಂದರಲ್ಲಿ ಐದು ಸಿನಿಮಾ ಹಾಡಿನ ಸಣ್ಣ ರೆಕಾರ್ಡುಗಳು, ಅಂದರೆ ಪಕ್ಕಕ್ಕೆ ಎರಡು ಹಾಡಿನಂತೆ ನಾಲ್ಕು ಹಾಡು ಹಿಡಿಯುವ ಇಪಿ. 1972ರ ‘ಬಂಗಾರದ ಮನುಷ್ಯ’ ಇತ್ತು, 1974ರ ‘ಎರಡು ಕನಸು’ ಇತ್ತು. ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ ಎಂಬ ಹೆಸರುಗಳನ್ನು ಯೂಟ್ಯೂಬಿನಲ್ಲಿ ನೋಡಿದ್ದೆ. ಕೈಯಲ್ಲಿ ಹಿಡಿದು ಓದಿದ್ದು ಮೊದಲ ಸಲ. ಎರಡು ಎಲ್‌ಪಿ ಗೀರುಬಿದ್ದು ಹಾಳಾಗಿದ್ದವು. ಉಳಿದ ನಾಲ್ಕು 78 ವೇಗದ ಹಳೇ ಪ್ಲೇಟುಗಳು. ಇವು ಪ್ಲಾಸ್ಟಿಕ್ ಅಲ್ಲ, ಅರಗು ಬೆರೆಸಿ ಮಾಡಿದವು. ಕೈಜಾರಿದರೆ ಹೆಂಚಿನಂತೆ ಚೂರು. ಒಂದು ಪಕ್ಕಕ್ಕೆ ಮೂರು ನಿಮಿಷದ ಮೇಲೆ ಸ್ವಲ್ಪ, ಅಷ್ಟೇ ಹಿಡಿಯುತ್ತದೆ. ಗಂಟೆಗಟ್ಟಲೆ ಹಾಡುತ್ತಿದ್ದ ಸಂಗೀತಗಾರರು ರಾಗವನ್ನು ಆ ಮೂರು ನಿಮಿಷಕ್ಕೆ ಇಳಿಸಬೇಕಿತ್ತು.

ಹಾಗೆ ಇಳಿಸಿದವರಲ್ಲಿ ಮೊದಲಿಗರು ಗೌಹರ್ ಜಾನ್. 1902ರಲ್ಲಿ ಕಲ್ಕತ್ತೆಯಲ್ಲಿ ಅವರ ಹಾಡು ಮುದ್ರಣವಾಯಿತು. ಆಗ ಪ್ಲೇಟುಗಳು ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಯಾರ ಹಾಡೆಂದು ಗೊತ್ತಾಗಲಿ ಎಂದು ಹಾಡಿನ ಕೊನೆಗೆ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ಅಷ್ಟು ದೊಡ್ಡ ಹೆಸರು ಮಾಡಿದ ಅವರು ಕೊನೆಗಾಲದಲ್ಲಿ ನಾಲ್ವಡಿಯವರ ಆಶ್ರಯ ಪಡೆದು 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ನಮ್ಮ ಗಂಗೂಬಾಯಿ ಹಾನಗಲ್ ಅವರದು ಇನ್ನೊಂದು ಕಥೆ. ಗಂಡಸಿನಂಥ ಗಡಸು ದನಿ ಎಂದೇ ನಾವು ಅವರನ್ನು ಬಲ್ಲೆವು. ಆದರೆ 1930ರ ದಶಕದಲ್ಲಿ ಅವರು ಕೊಟ್ಟ ರೆಕಾರ್ಡುಗಳಲ್ಲಿರುವುದು ತೆಳುವಾದ, ಎತ್ತರದ ಹೆಣ್ಣುದನಿ. ಗಂಟಲಿನ ತೊಂದರೆ, ಚಿಕಿತ್ಸೆ ಆದ ಮೇಲೆ ದನಿ ಬದಲಾಯಿತು. ಆ ಮೊದಲ ದನಿ ಆಮೇಲೆ ಅವರ ಗಂಟಲಲ್ಲೂ ಇರಲಿಲ್ಲ, ಪ್ಲೇಟಿನಲ್ಲಷ್ಟೇ ಉಳಿಯಿತು. ನನ್ನ ನಾಲ್ಕರಲ್ಲಿ ಅವು ಯಾವುವೂ ಇಲ್ಲ ಬಿಡಿ. ಇರುವುದು ಎರಡು ನಾಟಕದ ಹಾಡು, ಒಂದು ಕೊಳಲು, ಇನ್ನೊಂದರ ಚೀಟಿಯನ್ನು ಇರುವೆ ತಿಂದಿದೆ.

ಈಗ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಮೊಬೈಲಿಗಿಂತ ಇದರಲ್ಲಿ ಧ್ವನಿ ಚೆನ್ನಾಗಿದೆ ಎಂದು ಹೇಳುವವರನ್ನು ನಾನು ನಂಬುವುದಿಲ್ಲ. ದೊಡ್ಡ ದೊಡ್ಡ ಯಂತ್ರ ಇಟ್ಟುಕೊಂಡವರಿಗೆ ಇರಬಹುದು. ನನ್ನ ಪೆಟ್ಟಿಗೆಯಲ್ಲಿ ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಚಟಪಟ, ನಡುವೆ ಹಾಡು. ರೆಕಾರ್ಡ್ ಕೇಳುವುದರಿಂದ ಏಕಾಗ್ರತೆ ಹೆಚ್ಚಿತು, ಓದು ಸುಧಾರಿಸಿತು ಎಂದು ಬರೆದರೆ ಈ ಪುಟಕ್ಕೆ ಚೆನ್ನಾಗಿ ಹೊಂದುತ್ತಿತ್ತೇನೋ. ಹಾಗೇನೂ ಆಗಿಲ್ಲ. ಕಳೆದ ಪರೀಕ್ಷೆಯ ಕಟ್-ಆಫ್ ನನಗೆ ಮೂರು ಅಂಕ ಮೇಲೆ ನಿಂತಿತು, ಅದರ ಹಿಂದಿನದರಲ್ಲೂ ಸುಮಾರು ಅಷ್ಟೇ.

ಆದ ವ್ಯತ್ಯಾಸ ಬೇರೆ. ಮೊಬೈಲಿನಲ್ಲಿ ಹಾಡು ಮುಗಿಯುವುದೇ ಇಲ್ಲ. ಒಂದರ ಹಿಂದೆ ಒಂದು ಅದೇ ಹುಡುಕಿ ಕೊಡುತ್ತದೆ, ನಡುವೆ ಕೋಚಿಂಗ್ ಸೆಂಟರಿನ ಜಾಹೀರಾತು, ಟೆಲಿಗ್ರಾಂ ಗುಂಪಿನಲ್ಲಿ ‘ಕೀ ಆನ್ಸರ್ ಬಂತಾ?’ ಎಂಬ ಮೆಸೇಜು. ಕೇಳುತ್ತಾ ಇರುತ್ತೇವೆ, ಕೇಳಿರುವುದಿಲ್ಲ. ಇಲ್ಲಿ ಇಪಿಯ ಒಂದು ಪಕ್ಕ ಆರೇಳು ನಿಮಿಷಕ್ಕೆ ಮುಗಿಯುತ್ತದೆ. ಮುಳ್ಳು ನಡುವಿಗೆ ಬಂದು ಕರ್ರ್ ಕರ್ರ್ ಎನ್ನುತ್ತದೆ. ಎದ್ದು ಹೋಗಿ ಎತ್ತಬೇಕು, ಬೇಕಿದ್ದರೆ ಮಗುಚಬೇಕು, ಬೇಡವಾದರೆ ಮುಚ್ಚಳ ಹಾಕಬೇಕು. ಮುಗಿದದ್ದು ಮುಗಿಯಿತು. ಹಗಲೆಲ್ಲ ಯಾವುದೂ ಮುಗಿಯದ, ಎಲ್ಲವೂ ‘ಪ್ರಕ್ರಿಯೆಯಲ್ಲಿದೆ’ ಎಂದು ತೋರಿಸುವ ಬದುಕಿನಲ್ಲಿ ಇದು ಸಣ್ಣ ಸುಖವಲ್ಲ.

ಆ ಕ್ವಾರ್ಟರ್ಸಿನವರೂ ಪ್ಲೇಯರ್ ಕೊಂಡದ್ದು ಎಲ್ಲ ಸರಿಹೋದ ಮೇಲೆ ಅಲ್ಲ ಅನ್ನಿಸುತ್ತದೆ. ನಮ್ಮ ಬೀದಿಯಲ್ಲಿ ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ಅಜ್ಜ ಒಬ್ಬರಿದ್ದಾರೆ. ಹಾಡು ಕೇಳಿ ಒಳಗೆ ಬಂದರು. ತಾವು ಕೊಂಡಾಗ ತಂಗಿಯ ಮದುವೆಯ ಸಾಲ ಇನ್ನೂ ತೀರಿರಲಿಲ್ಲ, ಕಂತಿನ ಮೇಲೆ ತಂದಿದ್ದೆ, ಅಪ್ಪ ಎರಡು ತಿಂಗಳು ಮಾತು ಬಿಟ್ಟಿದ್ದರು ಎಂದು ನಗುತ್ತಾ ಹೇಳಿದರು. ಅಮ್ಮ ಕಾಫಿ ಕೊಟ್ಟು ಅಲ್ಲೇ ನಿಂತು ಕೇಳಿಸಿಕೊಂಡರು. ಏನೂ ಹೇಳಲಿಲ್ಲ.

ಕೊಳ್ಳುವ ಮನಸ್ಸಿದ್ದವರಿಗೆ ಎರಡು ಮಾತು. ಈ ಗೀಳು ಜಗತ್ತಿನಲ್ಲೆಲ್ಲ ಮರಳಿ ಬಂದಿದೆ. ಅಮೆರಿಕದಲ್ಲಿ 2022ರಲ್ಲಿ, 1987ರ ನಂತರ ಮೊದಲ ಬಾರಿಗೆ, ಸಿ.ಡಿ.ಗಳಿಗಿಂತ ಹೆಚ್ಚು ವಿನೈಲ್ ರೆಕಾರ್ಡುಗಳು ಮಾರಾಟವಾದವು. ಹಾಗಾಗಿ ನಗರದ ಅಂಗಡಿಗಳಲ್ಲಿ ಹಳೆಯದಕ್ಕೂ ‘ಆಂಟಿಕ್’ ಎಂದು ಚೀಟಿ ಹಚ್ಚಿ ಬೆಲೆ ಏರಿಸಿದ್ದಾರೆ. ಅಲ್ಲಿಗೆ ಹೋಗಬೇಡಿ, ಗುಜರಿಗೆ ಹೋಗಿ. ಹಿತ್ತಾಳೆ ಕೊಳವೆಯ ಹೊಳೆಯುವ ಗ್ರಾಮಫೋನ್ ಕಂಡರೆ ಎರಡು ಸಲ ಯೋಚಿಸಿ. ಹೊಸದಾಗಿ ಜೋಡಿಸಿ ಹಳೆಯದೆಂದು ಮಾರುವುದು ಹೆಚ್ಚು. ತಟ್ಟೆಯನ್ನು ಕೈಯಲ್ಲಿ ತಿರುಗಿಸಿ ನೋಡಿ, ಮುಳ್ಳಿನ ತೋಳು ಅಲ್ಲಾಡುತ್ತದೆಯೇ ನೋಡಿ. ಮೋಟಾರ್ ಸುಟ್ಟಿರದಿದ್ದರೆ ಉಳಿದದ್ದನ್ನು ಸರಿಮಾಡಬಹುದು. ಅದಕ್ಕಿಂತ ಮೊದಲು ನಿಮ್ಮೂರಿನಲ್ಲಿ ರಿಪೇರಿ ಮಾಡುವ ಯಜಮಾನರು ಇದ್ದಾರೆಯೇ ವಿಚಾರಿಸಿ. ನನಗೆ ಸಿಕ್ಕವರಿಗೆ ಶಿಷ್ಯರಿಲ್ಲ. ಮಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ, ಅಂಗಡಿ ಬಾಗಿಲು ಹಾಕು ಎನ್ನುತ್ತಾನಂತೆ. ನಾನು ಶನಿವಾರದ ಲೈಬ್ರರಿ ಮುಗಿಸಿ ಅಲ್ಲಿಗೆ ಹೋಗಿ ಕೂರುವುದು ಅಭ್ಯಾಸವಾಗಿದೆ. ಬೆಸುಗೆ ಹಾಕುವುದು ಒಂದಿಷ್ಟು ಕೈಗೆ ಬಂದಿದೆ.

ಮುಂದಿನ ಪರೀಕ್ಷೆಗೆ ಬೆಂಗಳೂರಿನ ಕೇಂದ್ರ ಬಂದಿದೆ, ಭಾನುವಾರ. ಚಿಕ್ಕಪೇಟೆಯ ಕಡೆ ಭಾನುವಾರವೇ ಹಳೇ ಸಾಮಾನಿನ ಸಂತೆ ನೆರೆಯುತ್ತದೆ. ಬೆಳಗಿನ ಪತ್ರಿಕೆಗೂ ಮಧ್ಯಾಹ್ನದ ಪತ್ರಿಕೆಗೂ ನಡುವೆ ಹೋಗಿಬರಲು ಆಗುವುದಿಲ್ಲ. ಎರಡೂ ಮುಗಿಸಿ ಓಡಿದರೆ, ರಾತ್ರಿ ರೈಲಿಗೆ ಮುಂಚೆ ಒಂದು ಗಂಟೆಯಾದರೂ ಸಿಕ್ಕೀತು. ಯಜಮಾನರು ಮುಳ್ಳಿನ ನಂಬರನ್ನು ಬರೆದು ಕೊಟ್ಟಿದ್ದಾರೆ, ಹಾಲ್ ಟಿಕೆಟಿನ ಜೊತೆ ಇಟ್ಟಿದ್ದೇನೆ.