ಅಜ್ಜಿಯ ಪೆಟ್ಟಿಗೆಯ ನಾಣ್ಯಕ್ಕೆ ಲಕ್ಷದ ಬೆಲೆ: ಯಾರ ಲೆಕ್ಕ, ಯಾರ ನಷ್ಟ?

ವೈಷ್ಣೋದೇವಿಯ ಚಿತ್ರವುಳ್ಳ ಐದು ಅಥವಾ ಹತ್ತು ರೂಪಾಯಿಯ ನಾಣ್ಯ ಮನೆಯಲ್ಲಿದ್ದರೆ ಲಕ್ಷಾಂತರ ರೂಪಾಯಿ ಕೈಸೇರುತ್ತದೆ ಎಂಬ ಸಂದೇಶ ಆಗಾಗ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಲೇ ಇರುತ್ತದೆ. ಆ ನಾಣ್ಯ 2012ರಲ್ಲಿ ದೇಗುಲ ಮಂಡಳಿಯ ಬೆಳ್ಳಿಹಬ್ಬದ ನೆನಪಿಗಾಗಿ ಹೊರಬಂದದ್ದು. ಎಲ್ಲ ಚಿಲ್ಲರೆಯಂತೆ ಅಂಗಡಿ, ಬಸ್ಸು, ಹುಂಡಿಗಳನ್ನು ಸುತ್ತಿ ಬಂದದ್ದು. ಸಂಗ್ರಾಹಕರ ನಡುವೆ ಅದಕ್ಕೆ ಮುಖಬೆಲೆಗಿಂತ ತುಸು ಹೆಚ್ಚು ಸಿಕ್ಕೀತು, ಅಷ್ಟೇ. ಆದರೂ ಸಂದೇಶವನ್ನು ನಂಬುವವರಿಗೆ ಕೊರತೆಯಿಲ್ಲ. ನಂಬಿದವರಲ್ಲಿ ಕೆಲವರು ಕಳೆದುಕೊಂಡದ್ದು ನಾಣ್ಯವನ್ನಲ್ಲ, ಬ್ಯಾಂಕ್ ಖಾತೆಯಲ್ಲಿದ್ದ ಉಳಿತಾಯವನ್ನು.

ವಂಚನೆಯ ವಿಧಾನ ಸರಳವಾಗಿದೆ. ನಾಣ್ಯದ ಚಿತ್ರ ಕಳುಹಿಸಿದೊಡನೆ 'ಖರೀದಿದಾರ' ಮರುಮಾತಿಲ್ಲದೆ ಒಪ್ಪುತ್ತಾನೆ. ಚೌಕಾಸಿಯೇ ಇಲ್ಲದ ವ್ಯಾಪಾರವೆಂದರೆ ಅಲ್ಲೇ ಅನುಮಾನ ಹುಟ್ಟಬೇಕು. ಅನಂತರ ರಿಸರ್ವ್ ಬ್ಯಾಂಕಿನ ಲಾಂಛನವುಳ್ಳ ಪತ್ರವೊಂದು ಬರುತ್ತದೆ. ಕಡತ ಶುಲ್ಕವೆಂದು ಮೊದಲು ಒಂದಿಷ್ಟು, ಬಳಿಕ ತೆರಿಗೆ, ಆಮೇಲೆ ಕಮಿಷನ್. ಹಣ ಕಟ್ಟಿದಷ್ಟೂ ಹೊಸ ಬಾಬ್ತು ಹುಟ್ಟುತ್ತದೆ. ಇಂಥ ದೂರುಗಳ ಹಿನ್ನೆಲೆಯಲ್ಲಿಯೇ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದು ಪ್ರಕಟಣೆ ಹೊರಡಿಸಿ, ಹಳೆಯ ನೋಟು-ನಾಣ್ಯಗಳ ಮಾರಾಟದಲ್ಲಿ ತನ್ನ ಪಾತ್ರವೇನೂ ಇಲ್ಲ, ಅದಕ್ಕಾಗಿ ಯಾವ ಶುಲ್ಕವನ್ನೂ ತಾನು ಕೇಳುವುದಿಲ್ಲ, ತನ್ನ ಪರವಾಗಿ ವಸೂಲಿ ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಸ್ಪಷ್ಟಪಡಿಸಿತು. ಹಣ ಹೋದ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಇದೆ. ತಡವಾದಷ್ಟೂ ಅದು ಕ್ಷೀಣಿಸುತ್ತದೆ.

ಈ ಮೋಸ ಇಷ್ಟು ಸುಲಭವಾಗಿ ನಡೆಯಲು ಕಾರಣ, ಅದರ ಹಿಂದೆ ಅರ್ಧ ಸತ್ಯವೊಂದು ಇರುವುದು. ಕೆಲವು ಹಳೆಯ ನಾಣ್ಯಗಳು ನಿಜಕ್ಕೂ ಲಕ್ಷಗಳಿಗೆ ಹರಾಜಾಗುತ್ತವೆ. ಯಾವುವು, ಏಕೆ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಐದನೇ ಜಾರ್ಜ್ ದೊರೆಯ 1911ರ ಬೆಳ್ಳಿ ರೂಪಾಯಿಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ದೊರೆಯ ನಿಲುವಂಗಿಯ ಮೇಲೆ ಬಿಡಿಸಿದ್ದ ಪುಟ್ಟ ಆನೆ ಜನರ ಕಣ್ಣಿಗೆ ಹಂದಿಯಂತೆ ಕಂಡಿತು. ಹಿಂದೂಗಳೂ ಮುಸಲ್ಮಾನರೂ ಒಟ್ಟಾಗಿ ಗೊಣಗಿದರು. ಸರ್ಕಾರ ನಾಣ್ಯವನ್ನು ಹಿಂಪಡೆದು ಕರಗಿಸಿತು. ಸೊಂಡಿಲನ್ನು ತಿದ್ದಿದ ಹೊಸ ಅಚ್ಚು 1912ರಲ್ಲಿ ಬಂತು. ಕರಗದೆ ಉಳಿದವು ಇಂದು 'ಹಂದಿ ರೂಪಾಯಿ'ಯೆಂದೇ ಪ್ರಸಿದ್ಧ. ಇನ್ನೊಂದು, ಆರನೇ ಜಾರ್ಜ್ ಕಾಲದ 1939ರ ರೂಪಾಯಿ. ಮರುವರ್ಷವೇ, ಯುದ್ಧದ ಒತ್ತಡದಲ್ಲಿ, ರೂಪಾಯಿಯಲ್ಲಿನ ಬೆಳ್ಳಿಯ ಪ್ರಮಾಣವನ್ನು ಶೇ. 91.7ರಿಂದ ಶೇ. 50ಕ್ಕೆ ಇಳಿಸಲಾಯಿತು. ಹೆಚ್ಚು ಬೆಳ್ಳಿಯ 1939ರ ನಾಣ್ಯಗಳು ಜನರ ಕೈಗೆ ತಲುಪಿದ್ದೇ ತೀರಾ ಕಡಿಮೆ. ಬ್ರಿಟಿಷರ ಕಾಲದ ರೂಪಾಯಿಗಳಲ್ಲಿ ಲಕ್ಷದ ಮಾತು ಅದಕ್ಕೆ ಸಲ್ಲುತ್ತದೆ.

ಅದೇ ಬೆಳ್ಳಿ, ಅದೇ ತೂಕ, ಇನ್ನೂ ಹಳೆಯ ಇಸವಿ. ಆದರೆ 1918ರ ರೂಪಾಯಿಗೆ ಆ ಬೆಲೆಯಿಲ್ಲ. ಮೊದಲ ಮಹಾಯುದ್ಧದ ಕೊನೆಯ ವರ್ಷ ಬೆಳ್ಳಿಯ ಅಭಾವ ನೀಗಿಸಲು ಬ್ರಿಟನ್ ಅಮೆರಿಕದಿಂದ ಅಪಾರ ಪ್ರಮಾಣದ ಬೆಳ್ಳಿ ಖರೀದಿಸಿ ಭಾರತಕ್ಕೆ ಸಾಗಿಸಿತು. ಕಲ್ಕತ್ತೆ, ಬೊಂಬಾಯಿ ಟಂಕಸಾಲೆಗಳಲ್ಲಿ ಕೋಟಿಗಟ್ಟಲೆ ರೂಪಾಯಿ ಅಚ್ಚಾದವು. ನಮ್ಮ ಅಜ್ಜಿಯರ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಆ ಕಾಲದ ಇಂಥ ನಾಣ್ಯಗಳೇ. 11.66 ಗ್ರಾಂ ತೂಗುವ ಆ ನಾಣ್ಯದಲ್ಲಿ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ ಇರುತ್ತದೆ. ಅಂದಿನ ದಿನದ ಬೆಳ್ಳಿ ದರದಿಂದ ಗುಣಿಸಿ, ಅದರ ಮೇಲೆ ಸ್ವಲ್ಪ ಸೇರಿಸಿದರೆ ಅದರ ಬೆಲೆ ಮುಗಿಯಿತು. ಎರಡು ಸಾವಿರ ವರ್ಷ ಹಿಂದಿನ ಮುದ್ರಾಂಕಿತ ಬೆಳ್ಳಿ ತುಂಡುಗಳೇ ಸಾಮಾನ್ಯ ಸಂಗ್ರಾಹಕನ ಕೈಗೆಟುಕುವ ದರಕ್ಕೆ ಸಿಗುತ್ತವೆ ಎಂದರೆ ವಯಸ್ಸೊಂದೇ ಬೆಲೆ ತರುವುದಿಲ್ಲವೆಂಬುದು ತಿಳಿದೀತು.

ಇಸವಿ ವಿರಳವಾಗಿದ್ದರೂ ನಾಣ್ಯದ ಸ್ಥಿತಿ ಕೆಟ್ಟಿದ್ದರೆ ಬೆಲೆ ಕುಸಿಯುತ್ತದೆ. ಇಲ್ಲಿ ನಮ್ಮ ಮನೆಗಳ ಶ್ರದ್ಧೆಯೇ ಶತ್ರು. ಲಕ್ಷ್ಮೀಪೂಜೆಯ ಹಿಂದಿನ ದಿನ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತೊಳೆದ ನಾಣ್ಯ ಫಳಫಳ ಹೊಳೆಯುತ್ತದೆ, ನಿಜ. ಆದರೆ ನೂರು ವರ್ಷ ಕೂಡಿದ ಮೇಲ್ಪದರವೂ ಅಚ್ಚಿನ ಸೂಕ್ಷ್ಮ ಗೆರೆಗಳೂ ಆ ತಿಕ್ಕಾಟದಲ್ಲಿ ಹೋಗುತ್ತವೆ. ಬಲ್ಲವರು ಮೊದಲು ನೋಡುವುದು ಅದನ್ನೇ.

ಖೋಟಾ ನಾಣ್ಯಗಳ ಹಾವಳಿ ಬೇರೆ. 1818ರ ಇಸವಿ, ಈಸ್ಟ್ ಇಂಡಿಯಾ ಕಂಪನಿಯ ಹೆಸರು, ಒಂದಾಣೆ ಎಂಬ ಬರಹ, ಮೇಲೆ ಹನುಮಂತ ಅಥವಾ ರಾಮದರ್ಬಾರು: ಜಾತ್ರೆಗಳಿಂದ ಹಿಡಿದು ಅಂತರಜಾಲದವರೆಗೆ ಇವು ಬಿಕರಿಯಾಗುತ್ತಿವೆ. ದೇಶದಲ್ಲಿ ಒಂದಾಣೆಯ ಕಪ್ರೊನಿಕಲ್ ನಾಣ್ಯ ಬಳಕೆಗೆ ಬಂದದ್ದೇ 1907ರಲ್ಲಿ. ಕಂಪನಿ ಹೊರಡಿಸದ ನಾಣ್ಯವನ್ನು ಕಂಪನಿಯ ಹೆಸರಿನಲ್ಲಿ ಮಾರುವ ಈ ವ್ಯಾಪಾರಕ್ಕೆ ಭಕ್ತಿಯ ಲೇಪವೂ ಇರುವುದರಿಂದ ಪ್ರಶ್ನಿಸುವವರು ವಿರಳ.

ಇನ್ನು ಸರ್ಕಾರವೇ ಹೊರಡಿಸುವ ಸ್ಮರಣಾರ್ಥ ನಾಣ್ಯಗಳ ವಿಚಾರ. ಸ್ವತಂತ್ರ ಭಾರತದಲ್ಲಿ ಈ ಪರಂಪರೆ 1964ರಲ್ಲಿ, ನೆಹರೂ ನಿಧನದ ಬೆನ್ನಿಗೆ, ಒಂದು ರೂಪಾಯಿ ಮತ್ತು ಐವತ್ತು ಪೈಸೆಯ ನಾಣ್ಯಗಳೊಂದಿಗೆ ಆರಂಭವಾಯಿತು. ಅವು ಜನರ ಜೇಬಿಗೆ ಬಂದ ನಾಣ್ಯಗಳು. 1969ರಲ್ಲಿ ಗಾಂಧೀಜಿ ಜನ್ಮಶತಾಬ್ದಿಗೆ ಇಪ್ಪತ್ತು ಪೈಸೆಯಿಂದ ಹತ್ತು ರೂಪಾಯಿಯ ಬೆಳ್ಳಿ ನಾಣ್ಯದವರೆಗೆ ಹೊರಬಂದವು. ಈಗ ಚಿತ್ರ ಬದಲಾಗಿದೆ. 2023ರ ಏಪ್ರಿಲ್ 9ರಂದು ಮೈಸೂರಿನಲ್ಲಿ ಹುಲಿ ಯೋಜನೆಯ ಸುವರ್ಣ ಮಹೋತ್ಸವಕ್ಕೆ ಪ್ರಧಾನಿ ಬಿಡುಗಡೆ ಮಾಡಿದ 50 ರೂಪಾಯಿಯ ನಾಣ್ಯವಾಗಲಿ, ಅದೇ ವರ್ಷ ಮೇ 28ರಂದು ಹೊಸ ಸಂಸತ್ ಭವನದ ಉದ್ಘಾಟನೆಗೆ ಬಂದ 75 ರೂಪಾಯಿಯ ನಾಣ್ಯವಾಗಲಿ ಯಾವ ತರಕಾರಿ ಅಂಗಡಿಯಲ್ಲೂ ಕಾಣಸಿಗದು. ಎನ್.ಟಿ. ರಾಮರಾವ್, ಕರುಣಾನಿಧಿ, 2025ರಲ್ಲಿ ರಾಷ್ಟ್ರೀಯ ಸ್ವಯಂಸೇವಕ ಸಂಘದ ಶತಮಾನೋತ್ಸವ, ಹೀಗೆ ನೂರು ರೂಪಾಯಿಯ ನಾಣ್ಯಗಳ ಸಾಲು ಬೆಳೆಯುತ್ತಲೇ ಇದೆ. ಪ್ರತಿ ಬಿಡುಗಡೆಯೂ ಒಂದು ರಾಜಕೀಯ ಸಂದೇಶವೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಅದರಲ್ಲಿ ಯಾವ ಪಕ್ಷವೂ ಹಿಂದೆ ಬಿದ್ದಿಲ್ಲ.

ಟಂಕಸಾಲೆಗಳನ್ನು ನಡೆಸುವ ಸರ್ಕಾರಿ ನಿಗಮ ಇವನ್ನು ಮುಂಗಡ ಕಾದಿರಿಸಿದವರಿಗೆ ಮುಖಬೆಲೆಯ ಹಲವು ಪಟ್ಟು ದರಕ್ಕೆ ಮಾರುತ್ತದೆ. ನೂರು ರೂಪಾಯಿಯ ಇಂಥ ನಾಣ್ಯ ಬಹುಕಾಲ 35 ಗ್ರಾಂ ತೂಕದ್ದಾಗಿದ್ದು, ಶೇ. 50 ಬೆಳ್ಳಿ, ಶೇ. 40 ತಾಮ್ರ, ತಲಾ ಶೇ. 5 ನಿಕಲ್ ಮತ್ತು ಸತುವಿನ ಮಿಶ್ರಣದಿಂದ ತಯಾರಾಗುತ್ತಿತ್ತು. ಅಂದರೆ ಅದರಲ್ಲಿರುವ ಬೆಳ್ಳಿ ಹದಿನೇಳೂವರೆ ಗ್ರಾಂ. ಬೆಳ್ಳಿ ಕಿಲೋಗೆ ಒಂದು ಲಕ್ಷ ರೂಪಾಯಿ ಎಂದು ಹಿಡಿದರೆ 1,750 ರೂಪಾಯಿಯ ಲೋಹ. ಕೊಂಡವನು ಮಿಕ್ಕಿದ್ದನ್ನು ಕೊಟ್ಟದ್ದು ಪೆಟ್ಟಿಗೆಗೆ, ಹೊಳಪಿಗೆ ಮತ್ತು ಮುಂದೆ ಬೆಲೆ ಏರೀತೆಂಬ ನಿರೀಕ್ಷೆಗೆ. ಆ ನಿರೀಕ್ಷೆ ಕೆಲವು ಸರಣಿಗಳಲ್ಲಿ ಫಲಿಸಿದೆ. ಆದರೆ ಕೊಂಡವರೆಲ್ಲರೂ ಪೆಟ್ಟಿಗೆಯನ್ನೇ ತೆರೆಯದೆ ಕಾಪಾಡಿಕೊಂಡರೆ ವಿರಳತೆ ಎಲ್ಲಿಂದ ಬರಬೇಕು? 1939ರ ರೂಪಾಯಿ ದುಬಾರಿಯಾದದ್ದು ಅದನ್ನು ಯಾರೂ ಸ್ಮರಣಿಕೆಯೆಂದು ತೆಗೆದಿಡದಿದ್ದುದರಿಂದ. ಮೊಮ್ಮಕ್ಕಳ ಓದಿಗೆಂದು ಸ್ಮರಣಾರ್ಥ ನಾಣ್ಯ ಕೊಳ್ಳುವ ಮಧ್ಯಮ ವರ್ಗ ಈ ವ್ಯತ್ಯಾಸವನ್ನು ಗಮನಿಸುವುದು ಒಳಿತು.

ಲೋಹದ ಬೆಲೆ ಮುಖಬೆಲೆಯನ್ನು ಮೀರಿದಾಗ ಬೇರೆಯದೇ ತೊಂದರೆ. ಭಾರತದ ಚಿಲ್ಲರೆ ನಾಣ್ಯಗಳು ಗಡಿ ದಾಟಿ ಬಾಂಗ್ಲಾದೇಶದಲ್ಲಿ ಕ್ಷೌರದ ಬ್ಲೇಡುಗಳಾಗುತ್ತಿವೆ ಎಂದು 2007ರಲ್ಲಿ ವ್ಯಾಪಕವಾಗಿ ವರದಿಯಾಗಿತ್ತು. 2011ರ ನಾಣ್ಯ ಕಾಯ್ದೆ ನಾಣ್ಯ ಕರಗಿಸುವುದನ್ನೂ ನಾಶಪಡಿಸುವುದನ್ನೂ ನಿಷೇಧಿಸಿ, ಏಳು ವರ್ಷಗಳವರೆಗೆ ಸೆರೆವಾಸದ ಶಿಕ್ಷೆಯನ್ನು ವಿಧಿಸಿದೆ. ಅದೇ ವರ್ಷ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳು ಚಲಾವಣೆ ಕಳೆದುಕೊಂಡವು. ಚಲಾವಣೆಯಲ್ಲೇ ಇರುವ ಹತ್ತು ರೂಪಾಯಿ ನಾಣ್ಯವನ್ನು ಅಂಗಡಿಯವರು ನಿರಾಕರಿಸುವ ವಿಚಿತ್ರವೂ ನಮ್ಮಲ್ಲುಂಟು. ಹದಿನಾಲ್ಕು ವಿನ್ಯಾಸಗಳೂ ಊರ್ಜಿತವೆಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸಾರಬೇಕಾಯಿತು.

ಕರ್ನಾಟಕದ ಮಟ್ಟಿಗೆ ಹೆಚ್ಚಿನ ಕಳವಳ ನೆಲದೊಳಗಿನ ನಾಣ್ಯಗಳದ್ದು. 1891ರಲ್ಲಿ ಯಶವಂತಪುರದಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. 1965ರಲ್ಲಿ ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ ಮತ್ತೊಂದು ರೋಮನ್ ನಿಧಿ ಸಿಕ್ಕಿತು. ಒಂದೊಂದು ನಾಣ್ಯವೂ ಬೇರೆ ಬೇರೆ ಕೈಗೆ ಮಾರಾಟವಾಗಿದ್ದರೆ ಅವು ಬರೀ ರೋಮನ್ ನಾಣ್ಯಗಳಾಗುತ್ತಿದ್ದವು. ಎಲ್ಲಿ, ಯಾವುದರ ಜೊತೆ ಸಿಕ್ಕವು ಎಂಬುದು ದಾಖಲಾದ್ದರಿಂದಲೇ ಎರಡು ಸಾವಿರ ವರ್ಷಗಳ ಹಿಂದೆ ಈ ಭಾಗ ಮೆಡಿಟರೇನಿಯನ್ ವ್ಯಾಪಾರದ ಸಂಪರ್ಕದಲ್ಲಿತ್ತೆಂಬುದಕ್ಕೆ ಸಾಕ್ಷ್ಯ ದೊರೆಯಿತು. ಶಿವಪಾರ್ವತಿಯರ ಚಿತ್ರವನ್ನು ಉಳಿಸಿಕೊಂಡು ಮರುಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನಷ್ಟೇ ಅಚ್ಚೊತ್ತಿಸಿದ ಹೈದರಾಲಿಯ ವರಾಹ, ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕಾದ ಟಿಪ್ಪುವಿನ ಮೌಲೂದಿ ಶಕೆಯ ನಾಣ್ಯಗಳು ಆ ಕಾಲದ ರಾಜಕಾರಣದ ದಾಖಲೆಗಳೇ ಆಗಿವೆ.

ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕೆಂಬ ಕಾನೂನು ದೇಶದಲ್ಲಿ 1878ರಿಂದಲೂ ಇದೆ. ಕರ್ನಾಟಕ 1962ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ಆದರೆ ಹೊಲ ಉಳುವಾಗಲೋ ಪಾಯ ತೋಡುವಾಗಲೋ ಗಡಿಗೆ ಸಿಕ್ಕವನಿಗೆ ಮೊದಲು ನೆನಪಾಗುವುದು ಪೊಲೀಸರ ಭಯ, ಎರಡನೆಯದು ಅಕ್ಕಸಾಲಿಗನ ಅಂಗಡಿ. ತಿಳಿಸಿದವನಿಗೆ ಸಲ್ಲಬೇಕಾದ ಪಾಲು ಬೇಗ, ಅಲೆದಾಟವಿಲ್ಲದೆ ಸಿಗುವಂತಾದರೆ ಮಾತ್ರ ಆ ಕ್ರಮ ಅದಲುಬದಲಾದೀತು. ತಹಶೀಲ್ದಾರರ ಕಚೇರಿಯಿಂದ ಪುರಾತತ್ತ್ವ ಇಲಾಖೆಯವರೆಗಿನ ಆ ದಾರಿಯನ್ನು ಹಳ್ಳಿಯ ಜನರಿಗೆ ತಿಳಿಯುವ ಕನ್ನಡದಲ್ಲಿ ಬರೆದು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸುವುದಕ್ಕೆ ಹೊಸ ಕಾಯ್ದೆಯಾಗಲಿ ದೊಡ್ಡ ಅನುದಾನವಾಗಲಿ ಬೇಕಿಲ್ಲ.